ನೋವು ನಿಂತಿತು, ಹಲ್ಲು ಗುಣವಾಯಿತೇ?



ಹಾಳಾದ ಹಲ್ಲನ್ನು ನಾವು ಹುಳುಕು ಹಲ್ಲು ಎನ್ನುತ್ತೇವೆ. ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆ ಆ ಮಾತಿನಲ್ಲೇ ಉಳಿದುಕೊಂಡಿದೆ. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತನಗೆ ಅಂಥ ಹುಳು ಕಾಣಲಿಲ್ಲವೆಂದು 1728ರ ತನ್ನ ಗ್ರಂಥದಲ್ಲಿ ಬರೆದ. ನಂಬಿಕೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಹಲ್ಲನ್ನು ಕೆಡಿಸುವುದು ಬ್ಯಾಕ್ಟೀರಿಯಗಳು ತಯಾರಿಸುವ ಆಮ್ಲ. ಹಲ್ಲಿಗೆ ಅಂಟಿದ ಪಾಚಿಯಂಥ ಪದರದಲ್ಲಿ ಅವು ವಾಸಿಸುತ್ತವೆ. ನಾವು ತಿಂದ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಅಲ್ಲಿನ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ, ದೇಹದಲ್ಲೇ ಅತಿ ಗಟ್ಟಿಯಾದ ಎನಾಮಲ್ ಕೂಡ ಕರಗತೊಡಗುತ್ತದೆ. ಜೊಲ್ಲು ಆ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ, ಆದರೆ ಅದಕ್ಕೆ ಬಿಡುವು ಬೇಕು. ಊಟದ ಜೊತೆ ಒಂದು ಹೋಳಿಗೆ ತಿಂದವನಿಗಿಂತ ದಿನವಿಡೀ ಪೆಪ್ಪರಮಿಂಟು ಚೀಪುವವನ ಹಲ್ಲಿಗೇ ಅಪಾಯ ಹೆಚ್ಚು.

ಕುಳಿ ಎನಾಮಲ್ ದಾಟಿ ಅದರ ಕೆಳಗಿನ ಡೆಂಟೀನ್ ತಲುಪಿದಾಗ ತಣ್ಣೀರು ಜುಮ್ಮೆನ್ನಿಸುತ್ತದೆ. ಆಗಲೇ ಹೋದರೆ ಹಾಳಾದ ಭಾಗ ಕೊರೆದು ಸಿಮೆಂಟು ತುಂಬಿಸಿ ಕಳಿಸುತ್ತಾರೆ. ನಮ್ಮಲ್ಲಿ ಬಹಳ ಜನ ಆಗ ಹೋಗುವುದಿಲ್ಲ, ಲವಂಗದ ಎಣ್ಣೆ ಹಚ್ಚಿ ದಿನ ದೂಡುತ್ತಾರೆ.

ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳಿದೆ. ಸೋಂಕು ಅಲ್ಲಿಗೆ ತಲುಪಿದರೆ ತಿರುಳು ಊದಿಕೊಳ್ಳುತ್ತದೆ. ಬೆರಳಿಗೆ ಗಾಯವಾದರೆ ಬೆರಳು ಊದಬಹುದು, ಸುತ್ತಲೂ ಗಟ್ಟಿ ಗೋಡೆಯಿರುವ ಹಲ್ಲಿನೊಳಗೆ ಊದಲು ಜಾಗವೆಲ್ಲಿ? ಒತ್ತಡವೆಲ್ಲ ನರದ ಮೇಲೆ. ರಾತ್ರಿ ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚಿ ನೋವು ಇನ್ನೂ ಜೋರಾಗುತ್ತದೆ.

ಕೆಲವು ದಿನಗಳ ನಂತರ ನೋವು ತಾನಾಗಿ ನಿಂತುಬಿಡಬಹುದು. ಮನೆಯವರೆಲ್ಲ ಸಮಾಧಾನಪಡುತ್ತಾರೆ. ಆದರೆ ನೋವು ತಿಳಿಸುತ್ತಿದ್ದ ನರವೇ ಸತ್ತಿದೆ, ಸೋಂಕು ಸತ್ತಿಲ್ಲ. ಅದು ಬೇರಿನ ತುದಿಯಿಂದ ಹೊರಬಿದ್ದು ಮೂಳೆಯನ್ನು ಕರಗಿಸುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಬೇರಿನ ಕೆಳಗೆ ಕಪ್ಪು ಕಲೆಯಾಗಿ ಕಾಣುವುದು ಇದೇ. ಕೆನ್ನೆ ಊದಿ, ಜ್ವರ ಬಂದು, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇಂಥ ಹಲ್ಲನ್ನೂ ಬಹಳಷ್ಟು ಸಲ ಕೀಳದೆ ಉಳಿಸಬಹುದು. ಇದೇ ರೂಟ್ ಕೆನಾಲ್ ಚಿಕಿತ್ಸೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೆಟ್ಟ ತಿರುಳನ್ನು ಸೂಜಿಯಂಥ ಅರಗಳಿಂದ ತೆಗೆದು, ಕಾಲುವೆಗಳನ್ನು ಔಷಧದಿಂದ ತೊಳೆಯುತ್ತಾರೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಕಾಲುವೆ, ದವಡೆ ಹಲ್ಲಿಗೆ ಮೂರೋ ನಾಲ್ಕೋ. ಆದ್ದರಿಂದಲೇ ಕೆಲವೊಮ್ಮೆ ಎರಡು ಮೂರು ಸಲ ಬರಹೇಳುತ್ತಾರೆ. ಬಳಿಕ ತುಂಬುವುದು ಗಟಾಪರ್ಚಾ ಎಂಬ ಮರದ ಹಾಲಿನಿಂದಾದ ವಸ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಸುತ್ತಿದ್ದದ್ದೂ ಅದನ್ನೇ.

ಕೊರೆದು ತುಂಬಿದ ದವಡೆ ಹಲ್ಲು ಅಗಿಯುವಾಗ ಸೀಳುವ ಸಂಭವ ಹೆಚ್ಚು. ಅದಕ್ಕಾಗಿ ಮೇಲೊಂದು ಟೋಪಿ ಕೂರಿಸುತ್ತಾರೆ. ನೋವು ಹೋಯಿತಲ್ಲ ಎಂದು ಟೋಪಿಗೆ ಹೋಗದೆ ಉಳಿದು, ಆಮೇಲೆ ಚಕ್ಕುಲಿ ಕಡಿಯುವಾಗ ಹಲ್ಲು ಎರಡು ಹೋಳಾಗಿಸಿಕೊಂಡು ಬರುವವರೂ ಇದ್ದಾರೆ.