ಆಶ್ರಯ ನಿರಾಕರಣೆ ಮತ್ತು ನ್ಯಾಯಾಂಗ ಪುನರ್ವಿಮರ್ಶೆ



ಮೂರು ದಶಕಗಳಿಂದ ಸರ್ಕಾರಿ ಕಡತಗಳ ನಡುವೆ ಬಾಳಿದವನು ನಾನು. ಸೇವೆಯ ಆರಂಭದಲ್ಲಿ ಒಬ್ಬರ ಮನವಿಯನ್ನು ‘ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಉಚ್ಚ ನ್ಯಾಯಾಲಯವು ಅದನ್ನು ಹಿಂದಿರುಗಿಸಿತು. ಅರ್ಜಿದಾರರ ಬೇಡಿಕೆ ಸರಿಯೆಂದು ಅದು ಹೇಳಲಿಲ್ಲ. ಕಾರಣ ಕೊಟ್ಟು ಮತ್ತೆ ನಿರ್ಧರಿಸಿರೆಂದಷ್ಟೇ ಹೇಳಿತು. ಅಂದು ಅದು ನನಗೆ ವ್ಯರ್ಥ ಕಾಲಹರಣವೆನಿಸಿತ್ತು. ಆಸ್ಟ್ರೇಲಿಯದ ಆಶ್ರಯ ಪ್ರಕರಣಗಳನ್ನು ಓದಿದ ಮೇಲೆ ಹಾಗೆನ್ನಲಾರೆ.

ಸ್ವದೇಶದಲ್ಲಿ ದಮನದ ಭಯವಿದೆಯೆಂದು ಅಲ್ಲಿಗೆ ಬಂದವರು ‘ರಕ್ಷಣಾ ವೀಸಾ’ ಕೇಳುತ್ತಾರೆ. ಇಲಾಖೆಯ ಅಧಿಕಾರಿ ನಿರಾಕರಿಸಿದರೆ ಸಾಮಾನ್ಯವಾಗಿ ನ್ಯಾಯಾಧಿಕರಣವು ಇಡೀ ಸಂಗತಿಯನ್ನು ಹೊಸದಾಗಿ ಪರಿಶೀಲಿಸುತ್ತದೆ. ಅಲ್ಲಿಯೂ ಸೋತವರು 35 ದಿನಗಳೊಳಗೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಆದರೆ ಅವರ ಭಯ ನಿಜವೇ ಎಂಬುದನ್ನು ನ್ಯಾಯಾಧೀಶರು ತೀರ್ಮಾನಿಸುವುದಿಲ್ಲ. ನಿರ್ಧರಿಸಿದವರು ಕಾನೂನಿನ ಎಲ್ಲೆ ಮೀರಿದರೇ ಎಂಬುದೇ ಪ್ರಶ್ನೆ. ಗೆದ್ದವರಿಗೂ ದೊರೆಯುವುದು ವೀಸಾ ಅಲ್ಲ, ಮರುವಿಚಾರಣೆ.

ಇಷ್ಟಕ್ಕೇನು ಬೆಲೆ ಎಂದು ನೀವು ಕೇಳಬಹುದು. ಇರಾನಿನ ಒಬ್ಬ ನಾವಿಕನ ಪ್ರಕರಣ 2006ರಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. (ಆ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೇ ಹೈಕೋರ್ಟ್ ಎಂದು ಹೆಸರು.) ಆಶ್ರಯಾರ್ಥಿಗಳ ಹೆಸರನ್ನು ನ್ಯಾಯಾಲಯ ಪ್ರಕಟಿಸುವಂತಿಲ್ಲವಾದ್ದರಿಂದ ದಾಖಲೆಯಲ್ಲಿ ಆತ ‘ಎಸ್‌ಝಡ್‌ಬಿಇಎಲ್’ ಎಂಬ ಐದು ಅಕ್ಷರ ಮಾತ್ರ. ಕ್ರೈಸ್ತಧರ್ಮದತ್ತ ತನಗಿದ್ದ ಒಲವು ಹಡಗಿನ ಕಪ್ತಾನನಿಗೆ ತಿಳಿದುಹೋಯಿತು, ಮರಳಿದರೆ ಅಪಾಯ ತಪ್ಪದು ಎಂಬುದು ಆತನ ಅಳಲು. ಕಪ್ತಾನನಿಗೆ ಅದು ತಿಳಿದ ಬಗೆಯನ್ನೂ ಕಪ್ತಾನನ ಪ್ರತಿಕ್ರಿಯೆಯನ್ನೂ ನ್ಯಾಯಾಧಿಕರಣ ನಂಬಲಿಲ್ಲ. ನಂಬದಿರುವುದು ಅಪರಾಧವಲ್ಲ. ಆದರೆ ಕೆಳಗಿನ ಅಧಿಕಾರಿ ಆ ಸಂಗತಿಗಳನ್ನು ಶಂಕಿಸಿರಲಿಲ್ಲ. ನ್ಯಾಯಾಧಿಕರಣವೂ ವಿಚಾರಣೆಯಲ್ಲಿ ಸುಳಿವು ಕೊಡಲಿಲ್ಲ. ತನ್ನ ಯಾವ ಮಾತು ಸಂದೇಹಕ್ಕೆ ಗುರಿಯಾಗಿದೆಯೆಂದೇ ಅರಿಯದವನು ಏನೆಂದು ಉತ್ತರಿಸಿಯಾನು? ಹೈಕೋರ್ಟ್ ಆ ನಿರ್ಧಾರವನ್ನು ರದ್ದುಗೊಳಿಸಿತು.

ಈ ಕಿರುಬಾಗಿಲನ್ನೂ ಮುಚ್ಚುವ ಯತ್ನ ಅದಕ್ಕೆ ಮೊದಲೇ ನಡೆದಿತ್ತು. ಇಂಥ ನಿರ್ಧಾರಗಳನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲವೆಂದು 2001ರಲ್ಲಿ ಸಂಸತ್ತು ವಲಸೆ ಕಾಯಿದೆಯನ್ನು ತಿದ್ದಿತು. 2003ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ಕಿತ್ತೊಗೆಯಲಿಲ್ಲ. ಅಧಿಕಾರವ್ಯಾಪ್ತಿ ಮೀರಿದ ನಿರ್ಧಾರವು ಕಾಯಿದೆಯಡಿಯ ನಿರ್ಧಾರವೇ ಅಲ್ಲ, ಆದ್ದರಿಂದ ಆ ನಿರ್ಬಂಧ ಅದಕ್ಕೆ ತಟ್ಟದು ಎಂದಿತು. ನಮ್ಮಲ್ಲಿಯೂ 1997ರ ಎಲ್. ಚಂದ್ರಕುಮಾರ್ ತೀರ್ಪು ಇಂಥ ಪುನರ್ವಿಮರ್ಶೆಯನ್ನು ಸಂವಿಧಾನದ ಮೂಲ ರಚನೆಯ ಭಾಗವೆಂದು ಸಾರಿದೆ.

ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ವಿಚಾರಣೆ ಕ್ರಮಬದ್ಧವಾಗಿಯೇ ನಡೆದು, ಕೇವಲ ಅಂದಾಜು ತಪ್ಪಿ ನಿರಾಕೃತರಾದವರಿಗೆ ಈ ಬಾಗಿಲು ತೆರೆಯುವುದು ದುರ್ಲಭ. ಅಂಥವರ ಭಯ ನಿಜವಾಗಿದ್ದರೆ?

ಹೀಗಾಗಿ ಎಚ್ಚರವೆಲ್ಲ ಮೊದಲ ಮೇಜಿನಲ್ಲಿಯೇ ಇರಬೇಕು. ಈಗ ತಿರಸ್ಕಾರದ ಕರಡು ಬಂದಾಗ ನಾನು ಅಂಚಿನಲ್ಲಿ ಬರೆಯುತ್ತೇನೆ: ‘ಈ ಆಕ್ಷೇಪವನ್ನು ಅರ್ಜಿದಾರರಿಗೆ ತಿಳಿಸಲಾಗಿತ್ತೇ?’ ಕಿರಿಯ ಸಹೋದ್ಯೋಗಿಗಳು ಗೊಣಗುತ್ತಾರೆ. ಕಡತ ಎರಡು ವಾರ ತಡವಾಗುತ್ತದೆ.