ಪರದೆ ಯಾರದು, ಪ್ರಶ್ನೆ ಯಾರದು?

(ಮಲ್ಲಟದಲ್ಲಿ ವಿದ್ಯಾರ್ಥಿ ಗೆಳೆಯರ ಎದುರು ಆಡಿದ ಮಾತಿನ ಬರಹರೂಪ)



ಸಿನಿಮಾ ವಿಮರ್ಶೆ ಬಗ್ಗೆ ಮಾತಾಡು ಅಂದಾಗ ನನಗೇ ನಗು ಬಂತು. ಹಾಸ್ಟೆಲಿನ ಅನ್ನದಾಗ ಹುಳ, ಸ್ಕಾಲರ್‌ಶಿಪ್ ಬಂದಿಲ್ಲ, ಇವನೇನು ಸಿನಿಮಾ ಹೇಳ್ತಾನ ಅಂತ ನೀವು ಕೇಳಬಹುದು. ಕೇಳ್ರಿ. ಆದರೆ ನಮ್ಮ ಕೇರಿಯ ಹುಡುಗ ಪಠ್ಯಪುಸ್ತಕಕ್ಕಿಂತ ಮೊದಲು ಕಂಡದ್ದು ಸಿನಿಮಾ. ಬ್ಯಾಸಗಿಯಾಗ ಟೂರಿಂಗ್ ಟಾಕೀಸ್ ಬರುತ್ತಿತ್ತು. ಕುರ್ಚಿ ಊರವರಿಗೆ, ನೆಲ ನಮಗೆ. ನೆಲದಾಗ ಕೂತು ನೋಡಿದವನೂ ನಾಯಕನ ಜೊತೆ ಅತ್ತ, ನಾಯಕನ ಜೊತೆ ನಕ್ಕ. ಆ ನಾಯಕ ತನ್ನ ಜಾತಿಯವನಲ್ಲ ಅನ್ನೋದು ಅವನಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆದಿರಲಿಲ್ಲ.

ನನಗೆ ಹೊಳೆದದ್ದು ‘ಚೋಮನ ದುಡಿ’ ನೋಡಿದ ರಾತ್ರಿ. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದರು. ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಮ್ಮ ಹಾಸ್ಟೆಲಿನ ಗೋಡೆಗೆ ಪಂಚೆ ಕಟ್ಟಿ ತೋರಿಸಿದರು. ಮುಗಿದ ಮೇಲೆ ಬಂದ ಅತಿಥಿಗಳೊಬ್ಬರು, ಎಂಥಾ ದುರಂತ, ಎಂಥಾ ಕಲೆ ಅಂತ ಮಾತಾಡಿದರು. ಆಗ ಹಿಂದಿನಿಂದ ಒಬ್ಬ ಹುಡುಗ ಎದ್ದು, “ಸರ್, ಚೋಮ ಯಾಕ ಸಾಯಬೇಕು? ಅವನಿಗೆ ಬೇಕಿದ್ದದ್ದು ಬರೇ ಒಂದು ತುಂಡು ಹೊಲ” ಅಂದ. ಅತಿಥಿಗಳು ಗಡಿಯಾರ ನೋಡಿಕೊಂಡರು.

ನಾನು ಕೇಳಿದ ಮೊದಲ ಸಿನಿಮಾ ವಿಮರ್ಶೆ ಅದು. ಆ ಹುಡುಗನಿಗೆ ಅದು ವಿಮರ್ಶೆ ಅಂತ ಯಾರೂ ಹೇಳಲಿಲ್ಲ.

ಚಿತ್ರ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಅಸ್ಪೃಶ್ಯನಾದ ಕಾರಣಕ್ಕೇ ಚೋಮ ಬೇಸಾಯಗಾರನಾಗಲಾರ ಅನ್ನೋದನ್ನು ಅಷ್ಟು ನೇರವಾಗಿ ಹೇಳಿದ ಚಿತ್ರ ಆಗ ಇನ್ನೊಂದು ನಾನು ಕಾಣೆ. ಅವನ ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಬಾರದು ಅಂತ ಎತ್ತುವವರಿಲ್ಲ. ಆ ದೃಶ್ಯ ಮತ್ತೊಮ್ಮೆ ನೋಡ್ರಿ. ಹುಡುಗನನ್ನು ಎಷ್ಟು ಹೊತ್ತು ತೋರಿಸ್ತಾರೆ, ದಡದ ಮುಖಗಳನ್ನು ಎಷ್ಟು ಹೊತ್ತು? ಕ್ಯಾಮೆರಾ ನೀರಿನ ಕಡೆ ಅದೋ, ದಡದ ಕಡೆ ಅದೋ? ಕಣ್ಣೀರು ಒರೆಸಿಕೊಂಡ ಮೇಲೆ ಇದನ್ನು ಎಣಿಸೋದೇ ವಿಮರ್ಶೆಯ ಕೆಲಸ.

ಹಿಂದಕ್ಕೆ ಹೋಗೋಣ. 1936ರ ‘ಅಛೂತ್ ಕನ್ಯಾ’ದಲ್ಲಿ ದೇವಿಕಾ ರಾಣಿ ಅಸ್ಪೃಶ್ಯ ಹುಡುಗಿಯಾದರು. ಕೊನೆಗೆ ಆ ಹುಡುಗಿ ರೈಲು ಹಳಿ ಮೇಲೆ ಪ್ರಾಣ ಬಿಡಬೇಕು. 1959ರಲ್ಲಿ ಬಿಮಲ್ ರಾಯ್ ‘ಸುಜಾತಾ’ ಮಾಡಿದರು. ಅಲ್ಲಿ ಹುಡುಗಿ ಸಾಯೋದಿಲ್ಲ. ಆದರೆ ಸಾಕುತಾಯಿಗೆ ರಕ್ತ ಕೊಟ್ಟ ಮೇಲೆಯೇ ಆಕೆ ಮಗಳಾಗ್ತಾಳೆ. ಒಂದರಲ್ಲಿ ಪ್ರಾಣ, ಇನ್ನೊಂದರಲ್ಲಿ ರಕ್ತ. ಬಾಡಿಗೆ ಕೊಡದೆ ನಮಗೆ ಪರದೆ ಮೇಲೆ ಜಾಗ ಇರಲಿಲ್ಲ.

ಮಲಯಾಳದ ಪಿ.ಕೆ. ರೋಸಿಯ ಕತೆ ಇದಕ್ಕಿಂತ ಕಠಿಣ. ಜೆ.ಸಿ. ಡೇನಿಯಲ್ ಮಾಡಿದ ಮೊದಲ ಮೂಕಿಚಿತ್ರ ‘ವಿಗತಕುಮಾರನ್’ದಲ್ಲಿ ದಲಿತ ಹೆಣ್ಣುಮಗಳು ರೋಸಿ ನಾಯರ್ ಹೆಣ್ಣಾಗಿ ನಟಿಸಿದಳು. ಮೇಲ್ಜಾತಿಯವರು ರೊಚ್ಚಿಗೆದ್ದರು. ಆಕೆ ಊರು ಬಿಟ್ಟು ತಮಿಳುನಾಡಿಗೆ ಓಡಿಹೋಗಬೇಕಾಯಿತು. ಹಳೆಯ ಚಿತ್ರಗಳನ್ನು ಕಾಪಾಡಲು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ರೋಸಿಯ ಚಿತ್ರ ಉಳಿದಿಲ್ಲ.

ಇನ್ನು ಸಂಸ್ಥೆಗಳ ಮಾತು. ಸತ್ಯಜಿತ್ ರಾಯ್ ಮತ್ತು ಗೆಳೆಯರು 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಬಂತು. ಇವು ಪಟ್ಟಣದ ಓದಿದವರ ಕೂಟಗಳು. ಆದರೆ ಸಾಗರ ತಾಲೂಕಿನ ಹೆಗ್ಗೋಡು ಹಳ್ಳಿಯಲ್ಲವೇ? 1949ರ ನೀನಾಸಂ ಅಲ್ಲಿಯದು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ಚಿತ್ರಸಮಾಜ ಮಾಡಿದರು. ಪುಣೆಯಿಂದ ಸತೀಶ್ ಬಹಾದ್ದೂರ್ ಅವರಂಥ ಮೇಷ್ಟ್ರು ಬಂದು ಸಿನಿಮಾ ನೋಡೋದನ್ನು ಪಾಠ ಮಾಡಿದರು. ಜಗತ್ತಿನ ದೊಡ್ಡ ಚಿತ್ರಗಳನ್ನು ರೈತರು ಕೂತು ನೋಡಿದರು. ಹಳ್ಳಿಯವರಿಗೆ ಇದೆಲ್ಲ ತಿಳಿಯೋದಿಲ್ಲ ಅನ್ನುವವರ ಬಾಯಿ ಅಲ್ಲಿ ಮುಚ್ಚಿತು. ಅಡಿಕೆ ಸೀಮೆಗೆ ತಿಳಿದದ್ದು ಜೋಳದ ಸೀಮೆಗೆ ತಿಳಿಯೋದಿಲ್ಲೇನು? ಆದರೆ ಅಲ್ಲಿ ಮನೆ ಇತ್ತು, ತೋಟ ಇತ್ತು, ಪುಸ್ತಕ ಅಚ್ಚು ಹಾಕುವ ಅಕ್ಷರ ಪ್ರಕಾಶನ ಇತ್ತು. ನಮಗೆ ಇರೋದು ಹಾಸ್ಟೆಲಿನ ಒಂದು ಹಾಲ್. ಇದನ್ನು ಮರೆತು ಹೆಗ್ಗೋಡನ್ನು ಹೊಗಳೋದು ನನ್ನಿಂದ ಆಗೋದಿಲ್ಲ, ತೆಗಳೋದೂ ಆಗೋದಿಲ್ಲ.

ಕನ್ನಡದಲ್ಲಿ ಪುಸ್ತಕ ಇಲ್ಲ ಅನ್ನಬೇಡಿ. ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ಕ್ಕೆ 2009ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾ ಕುರಿತ ಶ್ರೇಷ್ಠ ಪುಸ್ತಕ ಅಂತ. ಇದನ್ನು ಹಾಸ್ಟೆಲ್ ಲೈಬ್ರರಿಗೆ ತರಿಸಿ ಅಂತ ಅರ್ಜಿ ಬರೀರಿ. ಗೈಡು ಮಾತ್ರ ಲೈಬ್ರರಿ ಅಲ್ಲ.

2013ರಲ್ಲಿ ಮರಾಠಿಯಲ್ಲಿ ನಾಗರಾಜ್ ಮಂಜುಳೆ ‘ಫ್ಯಾಂಡ್ರಿ’ ಮಾಡಿದರು. ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ. ಹಿಡಿದ ಹಂದಿಯನ್ನು ಹೊತ್ತು ನಡೆವ ದಾರಿಯ ಗೋಡೆ ಮೇಲೆ ಅಂಬೇಡ್ಕರ್, ಫುಲೆ ಚಿತ್ರಗಳಿವೆ. ಒಂದು ಮಾತಿಲ್ಲ. ನಿರ್ದೇಶಕ ಆ ಗೋಡೆ ಮುಂದೆ ಕ್ಯಾಮೆರಾ ಇಟ್ಟ, ಅಷ್ಟೇ. ಕೊನೆಗೆ ಹಂಗಿಸಿದವರ ಮೇಲೆ ಜಬ್ಯಾ ಬೀಸಿದ ಕಲ್ಲು ನೇರ ನಮ್ಮ ಮುಖಕ್ಕೇ ಬರುತ್ತದೆ. ಅದನ್ನು ನೋಡುವಾಗ ನಾನು ತಲೆ ಬಾಗಿಸಿದೆ. ಆಮೇಲೆ ಯೋಚನೆ ಬಂತು, ನಾನು ಯಾಕ ಬಾಗಿದೆ? ನಾನು ಜಬ್ಯಾನ ಕಡೆಯವನಲ್ಲೇನು? ನನಗೆ ಇನ್ನೂ ಉತ್ತರ ಸಿಕ್ಕಿಲ್ಲ. ನೀವು ನೋಡಿ ಹೇಳ್ರಿ.

ಈಗ ಫೋನಿನಾಗೇ ಸಿನಿಮಾ ಸಿಗ್ತದೆ, ಒಬ್ಬೊಬ್ಬರೇ ಚಾದರದಾಗ ಮುಖ ಮುಚ್ಚಿ ನೋಡ್ತೀರಿ. ಅದು ಬ್ಯಾಡ. ತಿಂಗಳಿಗೊಂದು ಚಿತ್ರ ಎಲ್ಲಾರೂ ಕೂಡಿ ನೋಡ್ರಿ. ಹೆಣ್ಣುಮಕ್ಕಳನ್ನೂ ಕರೀರಿ, ಮೊದಲ ಮಾತು ಅವರದಾಗಲಿ. ಆಡಿದ್ದನ್ನು ನೋಟ್‌ಬುಕ್ಕಿನಾಗ ಬರೆದಿಟ್ಟು ನಮಗೆ ಕಳಿಸ್ರಿ, ಸ್ಟೆನ್ಸಿಲ್ ಕೊರೆಯೋದು ನಮ್ಮ ಕೆಲಸ. ಮೊದಲು ‘ಚೋಮನ ದುಡಿ’ಯೇ ಆಗಲಿ. ಬಿಳಿ ಪಂಚೆ ಯಾರು ತರ್ತೀರಿ?