ಕಾರಿನ ಮುಳ್ಳು ಹೇಳುವುದನ್ನು ಕೇಳೋಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡು ಎಂದು ಸಮಿತಿಯವರು ಹೇಳಿದ್ದರು. ನಾನು ಕಾರಿನ ಇಂಜಿನ್ ಬಗ್ಗೆ ಮಾತಾಡುತ್ತೇನೆ, ಕ್ಷಮಿಸಬೇಕು. ಈ ಶಾಲೆಯಲ್ಲಿ ಓದಿದ ಎಷ್ಟೋ ಹುಡುಗರು ಇಂದು ಸಾಲ ಮಾಡಿ ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದಾರೆ. ಅವರ ಇಂಜಿನ್ ನಿಂತರೆ ಮನೆಯ ಒಲೆಯೂ ನಿಂತಂತೆ. ಕಂಪ್ಯೂಟರ್ ವಿಚಾರವನ್ನು ಇನ್ನೊಮ್ಮೆ ನೋಡೋಣ.

ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಹಾಕುತ್ತೇವೆ. ಒಂದು ಯಂತ್ರದಲ್ಲಿ 100 ಭಾಗಗಳಿವೆ, ಒಂದು ಕೆಟ್ಟರೂ ಯಂತ್ರ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಭಾಗವೂ ವರ್ಷವಿಡೀ ಕೆಡದೆ ಉಳಿಯುವ ಸಾಧ್ಯತೆ ಶೇ. 99. ಹಾಗಾದರೆ ಇಡೀ ಯಂತ್ರ ಕೆಡದೆ ಉಳಿಯುವ ಸಾಧ್ಯತೆ ಎಷ್ಟು? ನೂರು ಸಲ ಗುಣಿಸಿದರೆ ಸುಮಾರು ಶೇ. 37 ಮಾತ್ರ ಬರುತ್ತದೆ. ಪ್ರತಿ ಭಾಗವನ್ನೂ ಶೇ. 99.9ಕ್ಕೆ ಏರಿಸಿದರೆ ಒಟ್ಟು ಶೇ. 90 ದಾಟುತ್ತದೆ. ಸರ್ವೀಸಿಂಗ್ ಎಂದು ಕರೆಯುವುದು ಆ ಸಣ್ಣ ದಶಾಂಶವನ್ನೇ. ಗಣಿತದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಇದ್ದಾರೆ, ತಪ್ಪಿದ್ದರೆ ತಿದ್ದುತ್ತಾರೆ.

ಮೊದಲು ಬಿಸಿಯ ವಿಚಾರ. ಸಿಲಿಂಡರಿನೊಳಗೆ ಇಂಧನ ಹೊತ್ತಿಕೊಂಡ ಕ್ಷಣ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ ಮಾಡಿರುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಆದರೂ ಇಂಜಿನ್ ಕರಗುವುದಿಲ್ಲ, ಏಕೆಂದರೆ ಸುತ್ತ ಹರಿಯುವ ಕೂಲೆಂಟ್ ಮತ್ತು ಎಣ್ಣೆ ಆ ಬಿಸಿಯನ್ನು ಎಡೆಬಿಡದೆ ಹೊತ್ತೊಯ್ಯುತ್ತವೆ. ನಮ್ಮ ಕಡೆ ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವುದುಂಟು. ಸ್ನಾನದ ಹಂಡೆಯ ಒಳಗೆ ಬಿಳಿ ಸುಣ್ಣ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಅದೇ ಸುಣ್ಣ ರೇಡಿಯೇಟರಿನ ಕಿರುಗೊಳವೆಗಳಲ್ಲೂ ಕಟ್ಟುತ್ತದೆ. ಬಯಲಿನಲ್ಲಿ ಓಡಾಡುವಾಗ ಗೊತ್ತೇ ಆಗುವುದಿಲ್ಲ. ಧರ್ಮಸ್ಥಳದಿಂದ ಹಿಂತಿರುಗುತ್ತಾ, ಏಳು ಜನರನ್ನು ತುಂಬಿಕೊಂಡು, ಏಸಿ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಗೊತ್ತಾಗುತ್ತದೆ.

ಮುಳ್ಳು ಕೆಂಪಿನ ಕಡೆ ಏರುತ್ತಿದೆ ಅನ್ನಿಸಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿ. ಒಳಗಿರುವವರು ಬೈಯಬಹುದು, ಆದರೆ ಇಂಜಿನ್ನಿನ ಬಿಸಿಯಲ್ಲಿ ಒಂದಿಷ್ಟು ಆ ದಾರಿಯಿಂದ ಹೊರಹೋಗುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಒಳಗೆ ಒತ್ತಡವಿರುವುದರಿಂದ ನೂರು ಡಿಗ್ರಿ ದಾಟಿದರೂ ನೀರು ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ. ಕಾದ ಇಂಜಿನ್ನಿಗೆ ಹಳ್ಳದ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು, ಬಿರುಕು ಬಿಡಲೂಬಹುದು. ಇನ್ನೊಂದು ಮಾತು: ನೀರು ಪೂರ್ತಿ ಸೋರಿಹೋದರೆ ಮುಳ್ಳು ಕೆಲವೊಮ್ಮೆ ಏರದೆ ಕೆಳಗೇ ನಿಲ್ಲುತ್ತದೆ. ಆ ಸೆನ್ಸರ್ ಅಳೆಯುವುದು ನೀರನ್ನು, ನೀರೇ ಇಲ್ಲದಿದ್ದರೆ ಅದು ಏನನ್ನು ಅಳೆದೀತು? ಆದ್ದರಿಂದ ದೂರ ಹೊರಡುವ ಮುನ್ನ ತಣ್ಣಗಿರುವಾಗಲೇ ಡಬ್ಬಿಯ ಮಟ್ಟ ನೋಡಬೇಕು.

ಎಣ್ಣೆಯದು ಚಿಕ್ಕ ಮಾತು. ಅಲ್ಲಾವುದ್ದೀನನ ದೀಪದಂತಹ ಕೆಂಪು ಚಿತ್ರ ಹೊತ್ತಿದರೆ 'ಮುಂದಿನ ಊರಿನಲ್ಲಿ ನೋಡೋಣ' ಅನ್ನಬೇಡಿ. ಎಣ್ಣೆಯ ಒತ್ತಡವೇ ಇಲ್ಲ ಎಂದು ಅದರ ಅರ್ಥ. ಬೇರಿಂಗುಗಳು ನಿಮಿಷಗಳಲ್ಲಿ ಹಾಳಾಗುತ್ತವೆ. ಅಲ್ಲೇ ಆಫ್ ಮಾಡಿ.

ಈಗ ನನಗೆ ಬಹಳ ಬೇಸರ ತಂದ ಸಂಗತಿ. ಇದೇ ಶಾಲೆಯಲ್ಲಿ ನನಗಿಂತ ಕಿರಿಯನಾಗಿದ್ದ ಒಬ್ಬ ಹಳೆಯ ಡೀಸೆಲ್ ಕಾರು ಕೊಂಡ. ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದೇವೆ ಎಂದು ಮಾರಿದವರು ಬಾಯಿಮಾತಿನಲ್ಲಿ ಹೇಳಿದ್ದರು, ರಸೀದಿ ಇರಲಿಲ್ಲ. ಈ ಬೆಲ್ಟ್ ರಬ್ಬರಿನ ಹಲ್ಲುಪಟ್ಟಿ. ಪಿಸ್ಟನ್ ಮೇಲೆ ಬರುವಾಗ ವಾಲ್ವುಗಳು ದಾರಿ ಬಿಡುವಂತೆ ಎರಡನ್ನೂ ಹೊಂದಿಸುವುದು ಅದರ ಕೆಲಸ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಬೆಲ್ಟ್ ಹರಿದರೆ ಅನೇಕ ಇಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಸಾಮಾನ್ಯವಾಗಿ ಮುನ್ಸೂಚನೆಯೂ ಇರುವುದಿಲ್ಲ. ಅವನದು ಹಾಸನದ ಹತ್ತಿರ ಹರಿಯಿತು. ವಾಲ್ವುಗಳೆಲ್ಲ ಬಾಗಿದವು. ರಿಪೇರಿಗೆ ಹಣ ಹೊಂದಿಸುವಷ್ಟರಲ್ಲಿ ಮೂರು ತಿಂಗಳು. ಸಾಲದ ಕಂತು ಮಾತ್ರ ಒಂದು ತಿಂಗಳೂ ನಿಲ್ಲಲಿಲ್ಲ. ಹೆಂಡತಿಯ ಬಳೆ ಹೋಯಿತು. ಹಳೆಯ ಕಾರು ಕೊಳ್ಳುವವರು ರಸೀದಿ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿದು ಮೊದಲ ವಾರವೇ ಹಾಕಿಸಿ. ಕೆಲವು ಇಂಜಿನ್ನುಗಳಲ್ಲಿ ಬೆಲ್ಟಿನ ಬದಲು ಚೈನ್ ಇರುತ್ತದೆ. ನಿಮ್ಮದರಲ್ಲಿ ಯಾವುದಿದೆ, ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಎಂಬುದು ಕಾರಿನ ಜೊತೆ ಬಂದ ಕೈಪಿಡಿಯಲ್ಲಿದೆ. ಕಾರಿನಲ್ಲಿ ಯಾರೂ ತೆರೆಯದ ವಸ್ತು ಅದೊಂದೇ!

ನಮ್ಮೂರಿನದೇ ಆದ ತೊಂದರೆಗಳೂ ಇವೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುತ್ತೇವೆ. ಆ ಹುಲ್ಲು ಆಕ್ಸಲಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹೊತ್ತುತ್ತದೆ. ಹಾದುಬಂದವರು ಇಳಿದು ಒಮ್ಮೆ ಕೆಳಗೆ ಬಗ್ಗಿ ನೋಡಬೇಕು; ಹರಡುವವರಿಗೆ ನಾನೇನು ಹೇಳಲಿ, ಕಣ ಮಾಡಲು ಜಾಗವಿಲ್ಲ ಎಂಬ ಅವರ ಮಾತೂ ನಿಜ. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿಯುತ್ತದೆ. ಮಣ್ಣುರಸ್ತೆಯ ಧೂಳಿಗೆ ಏರ್ ಫಿಲ್ಟರ್ ಪಟ್ಟಣದ ಲೆಕ್ಕಕ್ಕಿಂತ ಬೇಗ ಕಟ್ಟುತ್ತದೆ. ಮಳೆಗಾಲದಲ್ಲಿ ಹಳ್ಳದ ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ, ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ತಳ್ಳಿ ದಡಕ್ಕೆ ತನ್ನಿ.

ಕೊನೆಯದಾಗಿ, ಇಂಜಿನ್ ಚಿತ್ರದ ಹಳದಿ ದೀಪ. ಅದು ಹತ್ತಿದಾಗ ಕಾರಿನ ಕಂಪ್ಯೂಟರ್ ಒಂದು ಸಂಕೇತ ಬರೆದಿಟ್ಟಿರುತ್ತದೆ. ಪಿ 0301 ಎಂದರೆ ಮೊದಲನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದು. ಅದನ್ನು ಓದುವ ಪುಟ್ಟ ಉಪಕರಣ ತಂದಿದ್ದೇನೆ. ಊಟದ ನಂತರ ದೀಪ ಹತ್ತಿದ ಕಾರಿನವರು ಬನ್ನಿ, ಸಂಕೇತವನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಅಳಿಸಿಕೊಡು ಎಂದು ಮಾತ್ರ ಕೇಳಬೇಡಿ. ಆ ಚೀಟಿ ಮೆಕ್ಯಾನಿಕ್ ಕೈ ಸೇರಬೇಕು.